ಗುಲಗಂಜಿ, ಗ್ರೇನು ಮತ್ತು ಮನೆಯ ತ್ರಾಸು

ಔರಾದ ಸೀಮೆಯ ಡಾಬಕಾದಂಥ ಗಡಿ ಹಳ್ಳಿಯಲ್ಲೂ ಅಂಗೈಯಗಲದ ಎಲೆಕ್ಟ್ರಾನಿಕ್ ತ್ರಾಸು ಈಗ ಅಪರೂಪದ ವಸ್ತುವಲ್ಲ. ಹೈಸ್ಕೂಲಿನ ವಿಜ್ಞಾನ ಪ್ರದರ್ಶನಕ್ಕೆ ಬೇಕೆಂದು ಮಗಳು ಕೇಳುತ್ತಾಳೆ. ಬಿತ್ತನೆ ತೊಗರಿಗೆ ಔಷಧ ಹಚ್ಚುವಾಗ ಅಪ್ಪನಿಗೂ ಅದರ ಅಗತ್ಯ ಬೀಳುತ್ತದೆ. ಪೆಟ್ಟಿಗೆ ಬಿಚ್ಚಿ ಅದರ ಗುಂಡಿ ಒತ್ತುತ್ತ ಹೋದರೆ ಪರದೆಯ ಮೇಲೆ ಗ್ರಾಂ, ಔನ್ಸ್, ಕ್ಯಾರಟ್ ಎಂದು ಗುರುತುಗಳು ಬದಲಾಗುತ್ತವೆ. ಬಹಳಷ್ಟು ತ್ರಾಸುಗಳಲ್ಲಿ ಇವುಗಳ ಜೊತೆಗೆ ‘ಜಿ.ಎನ್.’ ಎಂಬ ಎರಡಕ್ಷರವೂ ಮೂಡುತ್ತದೆ. ಇದೇನೆಂದು ಮಕ್ಕಳು ಕೇಳಿದರೆ ಹೇಳುವವರು ಕಡಿಮೆ.

ಅದು ಗ್ರೇನ್. ಜವೆಗೋಧಿಯ ಒಂದು ಕಾಳಿನ ತೂಕದಿಂದ ಹುಟ್ಟಿದ ಹಳೆಯ ಮಾನ. ಒಂದು ಗ್ರೇನ್ ಎಂದರೆ ಸುಮಾರು 64.8 ಮಿಲಿಗ್ರಾಂ, 7000 ಗ್ರೇನ್ ಸೇರಿದರೆ ಒಂದು ಪೌಂಡ್. ಉಳಿದ ಕಡೆ ಹೆಚ್ಚುಕಡಿಮೆ ಮರೆಯಾದ ಈ ಮಾನ ಬಂದೂಕಿನ ಲೋಕದಲ್ಲಿ ಮಾತ್ರ ಇನ್ನೂ ಗಟ್ಟಿಯಾಗಿ ಕೂತಿದೆ. ಅಮೆರಿಕದಂಥ ದೇಶಗಳಲ್ಲಿ ಗುರಿಕಾರರೂ ಬೇಟೆಗಾರರೂ ಹಾರಿಸಿ ಖಾಲಿಯಾದ ಕಾಡತೂಸಿಗೆ ಮನೆಯಲ್ಲಿಯೇ ಮತ್ತೆ ಮದ್ದು ತುಂಬಿಕೊಳ್ಳುವ ಪದ್ಧತಿ ಇದೆ. ಆ ಮದ್ದನ್ನು ತೂಗುವುದಕ್ಕೆಂದೇ ಒಂದು ಗ್ರೇನಿನ ಹತ್ತನೇ ಒಂದು ಭಾಗವನ್ನು ತೋರಿಸುವ ತ್ರಾಸುಗಳು ಅಲ್ಲಿ ಮಾರಾಟಕ್ಕಿವೆ. ಭಾರತದಲ್ಲಿ 1959ರ ಆಯುಧ ಅಧಿನಿಯಮದ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಆದ್ದರಿಂದ ನಮ್ಮ ಮನೆಗಳಿಗೆ ಆ ಕಸುಬು ಬೇಕಾಗಿಲ್ಲ. ಆದರೆ ಅದರಲ್ಲಿ ತೊಡಗಿದವರು ತ್ರಾಸನ್ನು ಆರಿಸುವ, ಪರೀಕ್ಷಿಸುವ ರೀತಿಯನ್ನು ವಿದ್ಯಾರ್ಥಿಗಳು ಧಾರಾಳವಾಗಿ ಎರವಲು ಪಡೆಯಬಹುದು.

ಗ್ರೇನು ಪರದೇಶಿ ಲೆಕ್ಕ ಎಂದು ತಳ್ಳಿಹಾಕುವಂತೆಯೂ ಇಲ್ಲ. ಅಕ್ಕಸಾಲಿಗನ ತೊಲವನ್ನು ಬ್ರಿಟಿಷರು 1833ರಲ್ಲಿ ನಿಗದಿ ಮಾಡಿದ್ದು ಗ್ರೇನಿನ ಲೆಕ್ಕದಲ್ಲೇ: ಒಂದು ತೊಲಕ್ಕೆ 180 ಗ್ರೇನ್, ಅಂದರೆ 11.66 ಗ್ರಾಂ. ಅದೇ ತೊಲಕ್ಕೆ ಹನ್ನೆರಡು ಮಾಸ, ಮಾಸಕ್ಕೆ ಎಂಟು ಗುಲಗಂಜಿ. ಭಾಗಿಸಿ ನೋಡಿದರೆ ಕೆಂಪು ಮೈಯ, ಕಪ್ಪು ಮೂತಿಯ ಆ ಪುಟ್ಟ ಬೀಜದ ಪಾಲಿಗೆ ಬರುವುದು ಸುಮಾರು 121 ಮಿಲಿಗ್ರಾಂ, ಎರಡು ಗ್ರೇನಿಗಿಂತ ತುಸು ಕಡಿಮೆ. ಬೀದರಿನ ಬಿದರಿ ಕೆಲಸಕ್ಕೂ ತೂಕವೇ ಮೂಲ. ಎರಕದಲ್ಲಿ ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಆಮೇಲೆ ಕೂರಿಸುವ ಬೆಳ್ಳಿಯ ಎಳೆಯನ್ನಂತೂ ತೂಗದೆ ಯಾರೂ ಕೈಗೆ ಕೊಡುವುದಿಲ್ಲ.

ಒಂಟಿ ಮಿನಾರಿನ ಮದರಸಾ

ಮದ್ದು ಎಂಥ ವಸ್ತು ಎಂಬುದನ್ನು ಬೀದರಿನ ಮಕ್ಕಳು ಶಾಲಾ ಪ್ರವಾಸದಲ್ಲಿಯೇ ಕಣ್ಣಾರೆ ನೋಡಿರುತ್ತಾರೆ. ಬಹಮನಿ ಪ್ರಧಾನಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಮುಂಭಾಗದಲ್ಲಿ ಎರಡು ಮಿನಾರುಗಳಿದ್ದವು. ಈಗ ನಿಂತಿರುವುದು ಒಂದೇ. ಮೊಗಲರ ಕಾಲದಲ್ಲಿ ಆ ವಿದ್ಯಾಲಯದ ಕೋಣೆಗಳು ಮದ್ದಿನ ಉಗ್ರಾಣವಾದವು. 1696ರಲ್ಲಿ ಮದ್ದು ಸಿಡಿದು ಕಟ್ಟಡದ ಒಂದು ಪಾರ್ಶ್ವವೇ ಹಾರಿಹೋಯಿತು. ಸಿಡಿಲು ಬಡಿದದ್ದೇ ಕಾರಣ ಎಂದೂ ಹೇಳುತ್ತಾರೆ. ಅದಕ್ಕೂ ಮುಂಚೆ, 1657ರಲ್ಲಿ ಔರಂಗಜೇಬನ ಸೇನೆ ಬೀದರ ಕೋಟೆಯನ್ನು ಮುತ್ತಿದಾಗ ಬುರುಜಿನ ಹಿಂದೆ ಕೂಡಿಟ್ಟಿದ್ದ ಮದ್ದಿಗೆ ಬೆಂಕಿ ತಗುಲಿತ್ತು. ಕೋಟೆ ಕಾಯುತ್ತಿದ್ದ ಸಿದ್ದಿ ಮರ್ಜಾನ ಆ ಬೆಂಕಿಗೆ ಬಲಿಯಾದ, ಕೋಟೆ ಶತ್ರುವಿನ ಕೈಸೇರಿತು.

ಇವು ರಾಶಿ ಮದ್ದಿನ ಅನಾಹುತಗಳು. ಇಲ್ಲಿ ತ್ರಾಸಿನ ತಪ್ಪೇನೂ ಇಲ್ಲ. ತೂಕದ ಪ್ರಶ್ನೆ ಏಳುವುದು ಕೋವಿಯ ಒಳಗೆ. ಹಳೆಯ ಕರಿಮದ್ದನ್ನು ಸಣ್ಣ ಅಳತೆಯಲ್ಲಿ ಮೊಗೆದು ಸುರಿಯುತ್ತಿದ್ದರು, ಅದು ನಡೆಯುತ್ತಿತ್ತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ ಮೇಲೆ ಲೆಕ್ಕ ಬದಲಾಯಿತು. ಇದು ಬಹಳ ಪ್ರಬಲವಾದ್ದರಿಂದ ಬೇಕಾಗುವ ಪ್ರಮಾಣ ಕಡಿಮೆ. ಮುಚ್ಚಿದ ಕಾಡತೂಸಿನೊಳಗೆ ಪ್ರಮಾಣ ಸ್ವಲ್ಪ ಹೆಚ್ಚಿದರೂ ಒತ್ತಡ ಅದರ ಹಲವು ಪಟ್ಟು ವೇಗದಲ್ಲಿ ಏರುತ್ತದೆ. ನಳಿಗೆ ಒಡೆದರೆ ಅದು ಒಡೆಯುವುದು ಹಾರಿಸಿದವನ ಮುಖದ ಹತ್ತಿರ. ಮೊಗೆಯುವ ಅಳತೆಯನ್ನು ನಂಬದೆ ತ್ರಾಸಿಗೆ ಶರಣಾದದ್ದು ಈ ಕಾರಣಕ್ಕೆ.

ಮೊಗೆಯುವುದಕ್ಕೂ ತೂಗುವುದಕ್ಕೂ ಇರುವ ಅಂತರವನ್ನು ಮದ್ದಿಲ್ಲದೆಯೇ ನೋಡಬಹುದು. ಒಂದು ಲೋಟಕ್ಕೆ ರವೆಯನ್ನು ಸಡಿಲವಾಗಿ ತುಂಬಿ, ಬಾಯಿ ಸವರಿ ತೂಗಬೇಕು. ಅನಂತರ ಅದೇ ಲೋಟವನ್ನು ಮೇಜಿಗೆ ಹತ್ತಾರು ಸಲ ಮೆಲ್ಲಗೆ ಕುಟ್ಟಿ, ತಗ್ಗಿದಷ್ಟನ್ನು ಮತ್ತೆ ತುಂಬಿ ತೂಗಬೇಕು. ಲೋಟ ಅದೇ, ರವೆ ಅದೇ, ತೂಕ ಬೇರೆ. ಪಟಾಕಿ ಬಿಚ್ಚಿ ಅದರ ಪುಡಿಯನ್ನು ತೂಗಿ ನೋಡುವ ಆಸೆ ಕೆಲವು ಹುಡುಗರಿಗೆ ಹುಟ್ಟುವುದುಂಟು. ತಿಕ್ಕಿದರೂ ಹೊತ್ತಿಕೊಳ್ಳಬಲ್ಲ ಆ ಪುಡಿಯನ್ನು ತಂದೆತಾಯಿಗಳು ತ್ರಾಸಿನ ಹತ್ತಿರ ಸುಳಿಯಗೊಡಬಾರದು.

ಅಂಗಡಿಯಲ್ಲಿ ಏನು ನೋಡಬೇಕು?

ಸಾಮಾನ್ಯವಾಗಿ ಗಿರಾಕಿ ನೋಡುವುದು ದಶಾಂಶ ಬಿಂದುವಿನ ಮುಂದೆ ಎಷ್ಟು ಅಂಕಿ ಇವೆ ಎಂಬುದನ್ನು. 0.01 ಗ್ರಾಂ ತೋರಿಸುವ ತ್ರಾಸಿಗಿಂತ 0.001 ಗ್ರಾಂ ತೋರಿಸುವುದು ಮೇಲು ಎಂಬ ಎಣಿಕೆ. ಆದರೆ ತೋರಿಸುವುದು ಬೇರೆ, ಸರಿಯಾಗಿ ತೋರಿಸುವುದು ಬೇರೆ. ಅಗ್ಗದ ತ್ರಾಸಿನ ಕೊನೆಯ ಅಂಕಿ ಗಾಳಿ ಬೀಸಿದರೆ ಓಡಾಡುತ್ತದೆ, ಫ್ಯಾನ್ ಹಾಕಿದರೆ ಕುಣಿಯುತ್ತದೆ.

ಎಷ್ಟು ಸೂಕ್ಷ್ಮ ಬೇಕು ಎಂಬುದನ್ನು ಕೆಲಸವೇ ಹೇಳಬೇಕು. ಗ್ರೇನಿನ ಹತ್ತನೇ ಭಾಗವೆಂದರೆ 6.5 ಮಿಲಿಗ್ರಾಂ. 0.01 ಗ್ರಾಂ, ಅಂದರೆ 10 ಮಿಲಿಗ್ರಾಂ ಹೆಜ್ಜೆಯ ತ್ರಾಸು ಇದನ್ನು ಗುರುತಿಸಲಾರದು, ‘ಜಿ.ಎನ್.’ ಗುಂಡಿ ಇದ್ದ ಮಾತ್ರಕ್ಕೆ ಅದು ಮದ್ದಿನ ತ್ರಾಸು ಆಗುವುದಿಲ್ಲ. ಪಿಯುಸಿ ವಿದ್ಯಾರ್ಥಿಗೆ ಮಾತ್ರ ಅದೇ ತ್ರಾಸು ಸಾಕು. 250 ಮಿಲಿಲೀಟರ್ ಡೆಸಿಮೋಲಾರ್ ಆಕ್ಸಾಲಿಕ್ ಆಮ್ಲದ ದ್ರಾವಣಕ್ಕೆ 3.15 ಗ್ರಾಂ ಹರಳು ಬೇಕು. ಅದರಲ್ಲಿ 0.01 ಗ್ರಾಂ ಹೆಚ್ಚುಕಮ್ಮಿಯಾದರೆ ತಪ್ಪು ನೂರಕ್ಕೆ ಮೂರನೇ ಒಂದು ಭಾಗದಷ್ಟು. ಒಂದು ಕಿಲೋ ತೊಗರಿ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮ ತೂಗುವ ಅಪ್ಪನಿಗಂತೂ 0.1 ಗ್ರಾಂ ತ್ರಾಸೇ ಧಾರಾಳ. ಮಿಲಿಗ್ರಾಂ ತೋರಿಸುವ ಪುಟ್ಟ ತ್ರಾಸುಗಳು ಸಾಮಾನ್ಯವಾಗಿ 20 ಅಥವಾ 50 ಗ್ರಾಂಗಿಂತ ಹೆಚ್ಚು ಭಾರ ಹೊರಲಾರವು. ಗಾಜಿನ ಬೀಕರ್ ಇಟ್ಟರೆ ಅಷ್ಟಕ್ಕೇ ಅವುಗಳ ಶಕ್ತಿ ಮುಗಿಯುತ್ತದೆ. ಒಂದೇ ತ್ರಾಸು ಕೊಳ್ಳುವ ಮನೆಗೆ 200 ಗ್ರಾಂ ಹೊರುವ, 0.01 ಗ್ರಾಂ ತೋರಿಸುವ ತ್ರಾಸೇ ಸರಿಯಾದದ್ದು. ಉಳಿದ ಹಣದಲ್ಲಿ ತಪ್ಪದೆ ಒಂದು 100 ಗ್ರಾಂ ಪರೀಕ್ಷಾ ಬೊಟ್ಟು ಕೊಳ್ಳಬೇಕು.

ಬೊಟ್ಟು ಯಾಕೆಂದರೆ, ಎಲೆಕ್ಟ್ರಾನಿಕ್ ತ್ರಾಸು ಅಕ್ಕಸಾಲಿಗನ ಎರಡು ತಟ್ಟೆಯ ತ್ರಾಸಿನಂತಲ್ಲ. ಎರಡು ತಟ್ಟೆಯದು ಈ ಕಡೆಯ ವಸ್ತುವನ್ನು ಆ ಕಡೆಯ ಬೊಟ್ಟಿನೊಡನೆ ಹೋಲಿಸುತ್ತದೆ. ಎಲೆಕ್ಟ್ರಾನಿಕ್ ತ್ರಾಸಿನೊಳಗೆ ಇರುವುದು ಒಂದು ಲೋಹದ ತುಂಡು. ಭಾರಕ್ಕೆ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಬಾಗಿದಾಗ ಅದಕ್ಕೆ ಅಂಟಿಸಿದ ತಂತಿಯ ವಿದ್ಯುತ್ ರೋಧ ಬದಲಾಗುತ್ತದೆ, ಆ ಬದಲಾವಣೆ ಅಂಕಿಯಾಗುತ್ತದೆ. ಅದು ಅಳೆಯುವುದು ಭೂಮಿಯ ಸೆಳೆತವನ್ನು. ಸೆಳೆತವೋ ಊರಿಂದೂರಿಗೆ ತುಸು ಬೇರೆ. ದೆಹಲಿಯಲ್ಲಿ ಸರಿಯಾಗಿ ಹೊಂದಿಸಿದ ತ್ರಾಸನ್ನು ಸಮಭಾಜಕಕ್ಕೆ ಹತ್ತಿರದ, ಎತ್ತರದ ಬೀದರಿಗೆ ತಂದರೆ 100 ಗ್ರಾಂ ಬೊಟ್ಟು ಸುಮಾರು 0.08 ಗ್ರಾಂ ಕಡಿಮೆ ತೂಗುತ್ತದೆ. ಭೌತಶಾಸ್ತ್ರದ ಪುಸ್ತಕದಲ್ಲಿ ‘ಜಿ’ಯ ಬೆಲೆ ಬದಲಾಗುತ್ತದೆ ಎಂದು ಓದಿ ಬಿಟ್ಟ ಸಾಲು ಇಲ್ಲಿ ಎಂಟು ಅಂಕಿಗಳ ವ್ಯತ್ಯಾಸವಾಗಿ ಎದುರಿಗೆ ನಿಲ್ಲುತ್ತದೆ. ತ್ರಾಸು ಎಲ್ಲಿಂದ ಬಂದರೂ ಬಳಸುವ ಜಾಗದಲ್ಲಿಯೇ ಬೊಟ್ಟು ಇಟ್ಟು ಮತ್ತೆ ಹೊಂದಿಸಬೇಕು. ಅದರ ವಿಧಾನ ಜೊತೆಗೆ ಬರುವ ಚೀಟಿಯಲ್ಲಿ ಇರುತ್ತದೆ.

ಐದು ರೂಪಾಯಿಯ ಪರೀಕ್ಷೆ

ಬೊಟ್ಟು ಕೈಗೆ ಬರುವ ತನಕ ಜೇಬಿನ ನಾಣ್ಯವೇ ಗತಿ. 2011ರಲ್ಲಿ ಬಂದ ಮಾಲಿಕೆಯ ಐದು ರೂಪಾಯಿ ನಾಣ್ಯದ ನಿಗದಿತ ತೂಕ 6 ಗ್ರಾಂ, ಎರಡು ರೂಪಾಯಿಯದು 4.85, ಒಂದು ರೂಪಾಯಿಯದು 3.79. ಸವೆದ ನಾಣ್ಯ ಬೇಡ, ಹೊಳಪಿರುವುದನ್ನೇ ಆರಿಸಬೇಕು. 2019ರ ಮಾಲಿಕೆಯ ತೂಕ ಬೇರೆ ಇರುವುದರಿಂದ ಎರಡನ್ನೂ ಬೆರೆಸಬಾರದು. ನಾಣ್ಯ ನಿಖರ ಬೊಟ್ಟಲ್ಲವಾದರೂ ತ್ರಾಸು ಪೂರಾ ದಾರಿ ತಪ್ಪಿದ್ದರೆ ಇದು ಹಿಡಿದುಕೊಡುತ್ತದೆ.

ಇನ್ನೂ ಬೆಲೆಯುಳ್ಳ ಪರೀಕ್ಷೆ ಬೇರೆ ಇದೆ. ತ್ರಾಸನ್ನು ಸಮತಟ್ಟಾದ ಕಲ್ಲಿನ ಮೇಲಿಟ್ಟು, ಫ್ಯಾನ್ ಆರಿಸಿ, ಚಾಲೂ ಮಾಡಿದ ಮೇಲೆ ಹತ್ತು ನಿಮಿಷ ಬಿಡಬೇಕು. ಒಂದೇ ನಾಣ್ಯವನ್ನು ಹತ್ತು ಸಲ ಇಟ್ಟು, ತೆಗೆದು, ಪ್ರತಿ ಸಲದ ಅಂಕಿಯನ್ನೂ ನಡುವೆ ತೋರುವ ಸೊನ್ನೆಯನ್ನೂ ಬರೆದುಕೊಳ್ಳಬೇಕು. ಹತ್ತು ಸಲವೂ 6.03 ಬಂದರೆ ಚಿಂತೆಯಿಲ್ಲ, ಹೊಂದಿಸಿದರೆ ಸರಿಹೋಗುತ್ತದೆ. ಒಮ್ಮೆ 5.94, ಮತ್ತೊಮ್ಮೆ 6.07 ಬಂದು ಸರಾಸರಿ ಮಾತ್ರ 6 ಆದರೆ ಆ ತ್ರಾಸನ್ನು ಮರಳಿ ಅಂಗಡಿಗೆ ಕೊಡುವುದೇ ಲೇಸು. ಮದ್ದು ತೂಗುವವರು ಕೆಲಸದ ಮೊದಲೂ ಕೊನೆಗೂ ಬೊಟ್ಟು ಇಟ್ಟು ನೋಡುತ್ತಾರೆ. ಕೊನೆಗೆ ವ್ಯತ್ಯಾಸ ಕಂಡರೆ ನಡುವೆ ತೂಗಿದ್ದನ್ನೆಲ್ಲ ಬದಿಗಿಡುತ್ತಾರೆ. ಪ್ರಯೋಗದ ವಹಿಯಲ್ಲಿ ಈ ಎರಡು ಅಂಕಿಗಳಿಗೊಂದು ಸಾಲು ಬಿಟ್ಟರೆ ಶಿಕ್ಷಕರೂ ಮೆಚ್ಚಿಯಾರು.

ಇಂಥ ತ್ರಾಸಿನಲ್ಲಿ ಯಾರಾದರೂ ಮಾರಾಟಕ್ಕೆ ತೂಗಲು ಹೊರಟರೆ ಮಾತು ಬೇರೆ. ವ್ಯಾಪಾರದ ತ್ರಾಸಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಲೇಬೇಕು. ಮನೆಯ ತ್ರಾಸಿಗೆ ಬೇಕಾದದ್ದು ಎರಡು ತಟ್ಟೆಗಳು: ಬೀಜದ ಔಷಧಕ್ಕೆ ಒಂದು, ಪಾಠದ ಹರಳಿಗೆ ಇನ್ನೊಂದು. ಎರಡರ ಮೇಲೂ ಹೆಸರು ಬರೆದಿಡಬೇಕು, ಅಡುಗೆಮನೆಗೆ ಎರಡೂ ಹೋಗಬಾರದು. ಬೊಟ್ಟನ್ನು ಬೆರಳಿನಿಂದ ಮುಟ್ಟದೆ ಚಿಮಟದಿಂದ ಎತ್ತಿ ಡಬ್ಬಿಗೆ ಹಾಕಬೇಕು. ಬೆವರು ಹತ್ತಿದ ಬೊಟ್ಟು ಕಾಲಕ್ರಮದಲ್ಲಿ ತೂಕ ಬದಲಿಸುತ್ತದೆ.