ಏರ್ ಫ್ಲೋ ಸೆನ್ಸರ್: ಬದಲಾಯಿಸುವ ಮುನ್ನ ಪರೀಕ್ಷಿಸಿ

ತುಮಕೂರು ತಾಲ್ಲೂಕಿನ ಕೋರ ಹೋಬಳಿಯಲ್ಲಿರುವ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಸಣ್ಣ ಉದ್ದಿಮೆದಾರರಿಗೂ ಸುತ್ತಲಿನ ವರ್ತಕರಿಗೂ ಕಾರು ದಿನನಿತ್ಯದ ವ್ಯವಹಾರದ ಸಾಧನ. ಅದು ಒಂದು ದಿನ ಗ್ಯಾರೇಜಿನಲ್ಲಿ ನಿಂತರೆ ರಿಪೇರಿ ಖರ್ಚಿನ ಜೊತೆಗೆ ವ್ಯವಹಾರದ ನಷ್ಟವೂ ಸೇರುತ್ತದೆ. ಪಿಕಪ್ ಕುಗ್ಗುವುದು, ಮೈಲೇಜ್ ಇಳಿಯುವುದು, ಕಪ್ಪು ಹೊಗೆ ಬರುವುದು, ಎಂಜಿನ್ ದೀಪ ಉರಿಯುವುದು ಮುಂತಾದ ಲಕ್ಷಣಗಳು ಕಂಡಾಗ ದುಬಾರಿಯಾದ ಏರ್ ಫ್ಲೋ ಸೆನ್ಸರನ್ನು ಪರೀಕ್ಷಿಸದೆಯೇ ಬದಲಾಯಿಸುವ ಸಂಭವವುಂಟು. ದೋಷ ಬೇರೆಡೆ ಇದ್ದಲ್ಲಿ ಆ ಹಣ ವ್ಯರ್ಥ.

ಈ ಸೆನ್ಸರ್ ಏರ್ ಫಿಲ್ಟರಿನ ನಂತರದ ಕೊಳವೆಯಲ್ಲಿರುತ್ತದೆ. ಅದರೊಳಗಿನ ಕಾದ ತಂತಿ ಅಥವಾ ತೆಳುಪದರವನ್ನು ಒಳಬರುವ ಗಾಳಿ ತಂಪಾಗಿಸುತ್ತದೆ. ಅದನ್ನು ಮತ್ತೆ ಕಾಯಿಸಲು ಬೇಕಾಗುವ ವಿದ್ಯುತ್ತಿನಿಂದ ಗಾಳಿಯ ತೂಕ ತಿಳಿಯುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಇದಕ್ಕೆ ಅನುಗುಣವಾಗಿ ಇಂಧನ ನಿರ್ಧಾರವಾದರೆ, ಡೀಸೆಲ್ ಎಂಜಿನ್ನಿನಲ್ಲಿ ಹೊಗೆ ಮರುಬಳಕೆಯ ಇ.ಜಿ.ಆರ್. ಕವಾಟದ ನಿಯಂತ್ರಣಕ್ಕೆ ಇದು ಮುಖ್ಯ. ಅನೇಕ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಈ ಸೆನ್ಸರ್ ಇಲ್ಲದೆ, ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇರುತ್ತದೆ. ಆದ್ದರಿಂದ ಮೊದಲು ವಾಹನದ ಮಾದರಿಯನ್ನು ಖಚಿತಪಡಿಸಿಕೊಳ್ಳಬೇಕು.

ಪರೀಕ್ಷೆಯ ಕ್ರಮ ಹೀಗಿರಲಿ:

1. ಏರ್ ಫಿಲ್ಟರಿನ ಧೂಳು, ಸೆನ್ಸರಿನ ನಂತರದ ರಬ್ಬರ್ ಹೋಸಿನ ಬಿರುಕು, ಸಡಿಲ ಕ್ಲಿಪ್ಪುಗಳನ್ನು ನೋಡಬೇಕು. ಬಿರುಕಿನಿಂದ ನುಗ್ಗುವ ಗಾಳಿ ಸೆನ್ಸರಿನ ಲೆಕ್ಕಕ್ಕೆ ಸಿಗುವುದಿಲ್ಲ.

2. ಕೀಲಿ ಆನ್ ಮಾಡಿ, ಮಲ್ಟಿಮೀಟರಿನಿಂದ ಕನೆಕ್ಟರಿನಲ್ಲಿ ವಿದ್ಯುತ್ ಪೂರೈಕೆಯನ್ನೂ ಅರ್ಥಿಂಗನ್ನೂ ಪರಿಶೀಲಿಸಬೇಕು. ಪೂರೈಕೆಯೇ ಇಲ್ಲದಿದ್ದರೆ ದೋಷ ವೈರಿಂಗ್ ಅಥವಾ ಫ್ಯೂಸಿನಲ್ಲಿದೆ.

3. ಸ್ಕ್ಯಾನರ್ ಜೋಡಿಸಿ, ಬಿಸಿಯಾದ ಎಂಜಿನ್ನಿನ ಗಾಳಿಯ ಹರಿವನ್ನು ಓದಬೇಕು. 1.5 ಲೀಟರ್ ಪೆಟ್ರೋಲ್ ಎಂಜಿನ್ ಏ.ಸಿ. ಇಲ್ಲದೆ ಐಡ್ಲಿಂಗ್‌ನಲ್ಲಿರುವಾಗ ಸೆಕೆಂಡಿಗೆ ಸುಮಾರು 2 ಗ್ರಾಂ ತೋರಿಸುವುದು ಸಾಮಾನ್ಯ. ಆಕ್ಸಿಲರೇಟರ್ ಒತ್ತಿದಂತೆ ಅಂಕಿ ತಡವಿಲ್ಲದೆ ಏರಬೇಕು. ಡೀಸೆಲ್ಲಿನಲ್ಲಿ ಅಂಕಿ ಇದಕ್ಕಿಂತ ಬಹಳ ಹೆಚ್ಚು, ಇ.ಜಿ.ಆರ್. ಕವಾಟ ತೆರೆದಾಗ ಅದು ಇಳಿಯುತ್ತದೆ.

4. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನ ತಿದ್ದುಪಡಿಯ ಅಂಕಿ ಶೇಕಡ 10ನ್ನು ಮೀರಿದರೆ ಸಂಶಯಕ್ಕೆ ಎಡೆಯುಂಟು. ಐಡ್ಲಿಂಗ್‌ನಲ್ಲಿ ಮಾತ್ರ ಇಂಧನ ಹೆಚ್ಚು ಕೂಡುತ್ತಿದ್ದರೆ ಗಾಳಿ ಸೋರಿಕೆಯನ್ನೂ, ವೇಗ ಹೆಚ್ಚಿದಂತೆ ತಿದ್ದುಪಡಿಯೂ ಏರಿದರೆ ಕೊಳೆಯಾದ ಸೆನ್ಸರ್ ಅಥವಾ ಇಂಧನ ಪೂರೈಕೆಯ ಕೊರತೆಯನ್ನೂ ಶಂಕಿಸಬೇಕು.

ಸಂಕೇತ ಪಿ0101 ಬಂದಮಾತ್ರಕ್ಕೆ ಸೆನ್ಸರ್ ಕೆಟ್ಟಿದೆಯೆಂದು ತೀರ್ಮಾನಿಸಲಾಗದು. ಅಳತೆ ನಿರೀಕ್ಷೆಗೆ ಹೊಂದುತ್ತಿಲ್ಲವೆಂದಷ್ಟೇ ಅದರ ಅರ್ಥ. ಇನ್ನೊಂದು ಅಂಶವನ್ನೂ ಗಮನಿಸಬೇಕು. ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಸುಮಾರು ಶೇಕಡ 8ರಿಂದ 10ರಷ್ಟು ಹಗುರ. ಟರ್ಬೋ ಇಲ್ಲದ ಎಂಜಿನ್ ಪೂರ್ಣ ಥ್ರಾಟಲ್‌ನಲ್ಲಿ ಅಷ್ಟರಮಟ್ಟಿಗೆ ಕಡಿಮೆ ಅಂಕಿ ತೋರಿಸಿದರೆ ಅದು ದೋಷವಲ್ಲ.

ಕೊಳೆ ಕಂಡುಬಂದರೆ ಈ ಸೆನ್ಸರಿಗೆಂದೇ ತಯಾರಾದ ಸ್ಪ್ರೇಯಿಂದ ಶುಚಿಗೊಳಿಸಿ, ಪೂರ್ಣ ಒಣಗಿದ ಮೇಲೆ ಜೋಡಿಸಿ ಮತ್ತೆ ಓದಬೇಕು. ಬಟ್ಟೆ, ಬ್ರಷ್, ಕಂಪ್ರೆಸರ್ ಗಾಳಿ ಸಲ್ಲದು.

2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-6 ಜಾರಿಯಾದ ಬಳಿಕ ಎಂಜಿನ್ ನಿಯಂತ್ರಣ ಇನ್ನಷ್ಟು ಸೂಕ್ಷ್ಮವಾಗಿದೆ. ಆದುದರಿಂದ ವಾಹನ ಮಾಲೀಕರು ಸೆನ್ಸರ್ ಬದಲಾವಣೆಗೆ ಒಪ್ಪುವ ಮುನ್ನ ಈ ನಾಲ್ಕು ಪರೀಕ್ಷೆಗಳ ಅಂಕಿಗಳನ್ನು ಜಾಬ್ ಕಾರ್ಡಿನಲ್ಲಿ ಬರೆಸಿಕೊಳ್ಳುವುದು, ಬದಲಾವಣೆಯ ನಂತರದ ಅಂಕಿಗಳೊಂದಿಗೆ ಹೋಲಿಸಿ ನೋಡುವುದು ಹಿತಕರ.