ಮೊದಲು ಧೂಳು, ಆಮೇಲೆ ದುಡ್ಡು
ಠಾಣಾ ಕುಶನೂರ, ಔರಾದ, ಭಾಲ್ಕಿ ಸುತ್ತಿನ ಊರುಗಳಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದು ಹೊಸತಲ್ಲ. ತಗಡಿನ ಚಾವಣಿಯ ಕೋಣೆಯಾದರೆ ಧಗೆ ಇನ್ನೂ ಹೆಚ್ಚು. ಅಂಥಲ್ಲಿ ಕುಳಿತು ಹಳೆ ಲ್ಯಾಪ್‌ಟಾಪಿನಲ್ಲಿ ಅರ್ಜಿ ತುಂಬುವ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳು ಯಂತ್ರ ನಿಧಾನವಾದ ಕೂಡಲೇ ರಾಮ್ ಹಾಕಿಸಲು ಹೊರಡುತ್ತಾರೆ. ಎಷ್ಟೋ ಸಲ ರೋಗ ಅಲ್ಲಿರುವುದೇ ಇಲ್ಲ.

ಪ್ರೊಸೆಸರಿನ ಕಾವು ಸುತ್ತಲಿನ ಗಾಳಿಯ ಕಾವಿನ ಮೇಲೆ ಕೂಡಿಕೊಳ್ಳುತ್ತದೆ. 25 ಡಿಗ್ರಿಯ ಕೋಣೆಯಲ್ಲಿ 80ಕ್ಕೆ ನಿಲ್ಲುವ ಚಿಪ್, ಅದೇ ಕೆಲಸವನ್ನು 40 ಡಿಗ್ರಿಯ ಕೋಣೆಯಲ್ಲಿ ಮಾಡಿದರೆ ಸುಮಾರು 95ಕ್ಕೆ ಏರುತ್ತದೆ. ಬಹುತೇಕ ಲ್ಯಾಪ್‌ಟಾಪ್ ಚಿಪ್‌ಗಳ ಮಿತಿ 95ರಿಂದ 105 ಡಿಗ್ರಿ. ಆ ಮಿತಿ ಮುಟ್ಟಿದೊಡನೆ ಚಿಪ್ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಬೆಳಗ್ಗೆ ಚುರುಕಾಗಿದ್ದ ಯಂತ್ರ ಮಧ್ಯಾಹ್ನ ತೆವಳಿದರೆ ಮೊದಲ ಅನುಮಾನ ಕಾವಿನ ಮೇಲಿರಲಿ.

ಕಾವು ಹೊರಹೋಗುವ ದಾರಿ ಸರಳ. ಚಿಪ್ಪಿನ ಮೇಲೆ ತಾಮ್ರದ ಕೊಳವೆ ಕುಳಿತಿರುತ್ತದೆ. ಅದರೊಳಗೆ ತುಸು ದ್ರವ, ಸಾಮಾನ್ಯವಾಗಿ ನೀರು. ಬಿಸಿ ತುದಿಯಲ್ಲಿ ಅದು ಆವಿಯಾಗಿ ಇನ್ನೊಂದು ತುದಿಗೆ ಓಡುತ್ತದೆ, ಅಲ್ಲಿನ ತೆಳು ಲೋಹದ ಪದರಗಳಿಗೆ ಕಾವು ಕೊಟ್ಟು ಮತ್ತೆ ನೀರಾಗಿ ಮರಳುತ್ತದೆ. ಫ್ಯಾನು ಪದರಗಳ ನಡುವೆ ಗಾಳಿ ನೂಕುತ್ತದೆ. ಕೊಳವೆ ಕೆಡುವುದು ಅಪರೂಪ. ಕಟ್ಟಿಕೊಳ್ಳುವುದು ಫ್ಯಾನಿಗೂ ಪದರಗಳಿಗೂ ನಡುವಿನ ಜಾಗ. ಬೀದರ ಸುತ್ತಿನ ಕೆಂಪು ಜಂಬಿಟ್ಟಿಗೆ ಧೂಳು, ಹೊಲದ ಎರೆಮಣ್ಣಿನ ಧೂಳು, ತೊಗರಿ ರಾಶಿಯ ಹೊಟ್ಟು, ಹಾಸಿಗೆಯ ಹತ್ತಿಯ ಎಳೆ ಎಲ್ಲ ಸೇರಿ ಅಲ್ಲಿ ಕಂಬಳಿಯಂತೆ ಹೆಣೆದುಕೊಳ್ಳುತ್ತವೆ. ಹೊರಗಿನಿಂದ ಊದಿದರೆ ಅದು ಬರುವುದಿಲ್ಲ. ಹಿಂದಿನ ಮುಚ್ಚಳ ತೆಗೆಯಲೇಬೇಕು.

ತೆಗೆಯುವ ಮೊದಲು ಯಂತ್ರ ಪೂರ್ತಿ ಬಂದ್ ಮಾಡಿ, ಚಾರ್ಜರ್ ಕಳಚಿ. ಒಣ ಬೇಸಿಗೆಯಲ್ಲಿ ಮೈಯಲ್ಲಿ ಸ್ಥಿರ ವಿದ್ಯುತ್ ಸೇರುತ್ತದೆ, ಬೋರ್ಡ್ ಮುಟ್ಟುವ ಮುನ್ನ ನೆಲಕ್ಕೆ ತಾಗಿದ ಲೋಹವನ್ನು ಮುಟ್ಟಿ. ಮುಚ್ಚಳ ತೆರೆದ ತಕ್ಷಣ ಬ್ಯಾಟರಿಯ ತಂತಿ ಬಿಡಿಸಿ. ಬ್ಯಾಟರಿ ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ; ಅಲ್ಲಿಗೇ ನಿಲ್ಲಿಸಿ ಅಂಗಡಿಗೆ ಒಯ್ಯಿರಿ. ಬ್ಲೋವರ್ ಹಿಡಿಯುವಾಗ ಫ್ಯಾನು ತಿರುಗದಂತೆ ಬೆರಳಿಂದ ತಡೆಯಿರಿ.

ಚಿಪ್ಪಿಗೂ ತಾಮ್ರಕ್ಕೂ ನಡುವಿನ ಥರ್ಮಲ್ ಪೇಸ್ಟ್ ವರ್ಷಗಳು ಕಳೆದಂತೆ ಒಣಗುತ್ತದೆ. ಅದರ ಕೆಲಸ ಕಣ್ಣಿಗೆ ಕಾಣದ ಸಂದುಗಳಿಂದ ಗಾಳಿಯನ್ನು ಹೊರಹಾಕುವುದು, ಏಕೆಂದರೆ ಗಾಳಿ ಕಾವನ್ನು ಸಾಗಿಸುವುದೇ ಕಷ್ಟ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಹೊಸದನ್ನು ತೆಳುವಾಗಿ ಹಚ್ಚಿ. ತಾಮ್ರದ ಪಟ್ಟಿಯ ಸ್ಕ್ರೂಗಳ ಮೇಲೆ ಅಂಕಿ ಇದ್ದರೆ ಆ ಕ್ರಮದಲ್ಲಿ, ಇಲ್ಲದಿದ್ದರೆ ಓರೆಗೆ ಎದುರುಬದುರಿನವನ್ನು ಸ್ವಲ್ಪಸ್ವಲ್ಪವೇ ಬಿಗಿಯಿರಿ. ಇಷ್ಟು ಸ್ವಚ್ಛವಾದ ಮೇಲೆಯೂ ಗಾದಿಯ ಮೇಲಿಟ್ಟರೆ ಕೆಳಗಿನ ಕಿಂಡಿ ಮುಚ್ಚಿ ಮತ್ತೆ ಅದೇ ಪಾಡು. ಟೇಬಲ್ಲೇ ಸರಿ. ಕೋಣೆಯ ಕೂಲರ್ ಒಣ ಬಿಸಿಲಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಯಂತ್ರ ಅದರ ಗಾಳಿಗಿರಲಿ, ಹನಿಗಲ್ಲ.

ತಂಪಾದ ಮೇಲೂ ನಿಧಾನವೆ? ಆಗ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಡಿಸ್ಕ್ ಬಳಕೆ ಸದಾ ಶೇ 100ರ ಹತ್ತಿರವಿದ್ದರೆ, ಒಳಗೆ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ, ಎಸ್‌ಎಸ್‌ಡಿ ಹಾಕಿಸಿ. ನನ್ನ ಮಟ್ಟಿಗೆ ಹಳೆ ಯಂತ್ರಕ್ಕೆ ಖರ್ಚು ಮಾಡುವ ಮೊದಲ ರೂಪಾಯಿ ಇದಕ್ಕೇ ಹೋಗಬೇಕು. ತಿರುಗುವ ಡಿಸ್ಕು ಸೆಕೆಂಡಿಗೆ ಸುಮಾರು 100 ಎಂಬಿ ಓದಿದರೆ ಸಾಟಾ ಎಸ್‌ಎಸ್‌ಡಿ 500ಕ್ಕೂ ಹೆಚ್ಚು ಓದುತ್ತದೆ. ಚೂರುಚೂರು ಕಡತಗಳಲ್ಲಿ ಅಂತರ ಇನ್ನೂ ದೊಡ್ಡದು. ಎಂ.2 ಕಿಂಡಿ ಕಂಡರೆ ಮರುಳಾಗಬೇಡಿ: ಅದು ಸಾಟಾ ಒಪ್ಪುತ್ತದೆಯೋ ಎನ್‌ವಿಎಂಇಯೋ ಎಂದು ಮಾದರಿ ಸಂಖ್ಯೆ ಹಾಕಿ ಖಚಿತಪಡಿಸಿಕೊಳ್ಳಿ.

ಮೆಮರಿ ತುಂಬಿ ತುಳುಕುತ್ತಿದ್ದರೆ ಮಾತ್ರ ರಾಮ್. 4 ಜಿಬಿ ಇದ್ದಲ್ಲಿ 8 ಆದರೆ ಬ್ರೌಸರಿನ ಉಸಿರಾಟ ಸಲೀಸು. ಡಿಡಿಆರ್3 ಜಾಗಕ್ಕೆ ಡಿಡಿಆರ್4 ಕೂರುವುದಿಲ್ಲ, ತೆಳು ಮಾದರಿಗಳಲ್ಲಿ ರಾಮ್ ಬೋರ್ಡಿಗೇ ಬೆಸೆದಿರುವುದೂ ಉಂಟು. ಆದ್ದರಿಂದ ಬೀದರಿಗೋ ಉದಗೀರಿಗೋ ಬಸ್ ಹತ್ತುವ ಮೊದಲು, ಹೈದರಾಬಾದಿನಿಂದ ತರಿಸುವ ಮೊದಲು, ಹಳೆಯದರ ಮೇಲಿನ ಚೀಟಿಯ ಫೋಟೊ ತೆಗೆದುಕೊಳ್ಳಿ. ಪ್ರೊಸೆಸರ್, ಗ್ರಾಫಿಕ್ಸ್ ಬದಲಿಸುವ ಆಸೆ ಬಿಡಿ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಅವು ಬಹುಪಾಲು ಬೆಸುಗೆಯಾಗಿಯೇ ಬರುತ್ತವೆ.

ಕೊನೆಗೊಂದು ಕಳಕಳಿಯ ಮಾತು. ತೆಗೆದ ಹಾರ್ಡ್‌ಡಿಸ್ಕನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಅದರಲ್ಲಿ ನಿಮ್ಮ ಅಂಕಪಟ್ಟಿ, ಆಧಾರ್ ಪ್ರತಿ, ಮನೆಯವರ ಫೋಟೊಗಳಿರುತ್ತವೆ. ಕೇಳಿ ಪಡೆದು, ಯುಎಸ್‌ಬಿ ಡಬ್ಬಿಯೊಂದರಲ್ಲಿ ಹಾಕಿಕೊಂಡರೆ ಅದೇ ನಿಮ್ಮ ಬ್ಯಾಕಪ್ ಡಿಸ್ಕ್.