ಹೊಲದ ಬೂಷ್ಟು ಕಣ್ಣಿಗೆ ಹೊಕ್ಕರೆ

ನಂಜನಗೂಡು ರಸಬಾಳೆಯ ಕಥೆ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ರೈತರಿಗೆ ಹೊಸದಲ್ಲ. ಒಂದು ಕಾಲಕ್ಕೆ ಪಕ್ಕದ ನಂಜನಗೂಡಿನ ತೋಟಗಳಲ್ಲೆಲ್ಲ ಇದ್ದ ಈ ಬಾಳೆ ಕ್ಷೀಣಿಸಿದ್ದಕ್ಕೆ ಮುಖ್ಯ ಕಾರಣ ಪನಾಮಾ ಸೊರಗು ರೋಗ. ಅದನ್ನು ತರುವುದು ಮಣ್ಣಿನಲ್ಲಿರುವ ಫ್ಯುಸೇರಿಯಂ ಎಂಬ ಶಿಲೀಂಧ್ರ. ನೆಲಗಡಲೆಯ ಬೀಜದ ಮೇಲೆ ಬೂಷ್ಟಾಗಿ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವನ್ನುಂಟುಮಾಡುವ ಆಸ್ಪರ್ಜಿಲಸ್ ಇನ್ನೊಂದು ಶಿಲೀಂಧ್ರ. ಇವೆರಡೂ ಬೆಳೆಯ ಶತ್ರುಗಳೆಂದು ನೀವು ಬಲ್ಲಿರಿ. ಇವೇ ಕುಲದ ಶಿಲೀಂಧ್ರಗಳು ರೈತನ ಕಣ್ಣನ್ನೂ ಕುರುಡು ಮಾಡಬಲ್ಲವು. ಬಾಳೆಯನ್ನು ಸೊರಗಿಸುವ ಪ್ರಭೇದ ಬೇರೆ, ಕಣ್ಣಿಗೆ ಹೆಚ್ಚಾಗಿ ತಗಲುವ ಪ್ರಭೇದ ಬೇರೆ; ಆದರೆ ಕುಲ ಒಂದೇ. ದಕ್ಷಿಣ ಭಾರತದಲ್ಲಿ ಕಣ್ಣಿನ ಶಿಲೀಂಧ್ರ ಹುಣ್ಣಿಗೆ ಈ ಎರಡು ಕುಲಗಳೇ ಪ್ರಮುಖ ಕಾರಣ.

ಬೇಸಾಯದ ಪತ್ರಿಕೆಯಲ್ಲಿ ಕಣ್ಣಿನ ಮಾತೇಕೆ ಎಂದು ನೀವು ಕೇಳಬಹುದು. ಈ ಕಾಯಿಲೆ ಬಹುಮಟ್ಟಿಗೆ ಹುಟ್ಟುವುದೇ ಬೇಸಾಯದ ಕೆಲಸದಲ್ಲಿ. ಅದನ್ನು ತಡೆಯುವುದೂ ಬೇಸಾಯಗಾರನ ಕೈಯಲ್ಲೇ ಇದೆ.

ಗಾಯವೇ ಬಾಗಿಲು

ಕಣ್ಣಿನ ಕರಿಗುಡ್ಡೆಯ ಮೇಲೆ ಗಾಜಿನಂತಹ ತೆಳುವಾದ ಪಟಲವೊಂದಿದೆ. ಇದಕ್ಕೆ ಕಾರ್ನಿಯಾ ಎನ್ನುತ್ತಾರೆ. ಇದರ ಮೇಲ್ಪದರ ಗಟ್ಟಿಯಾಗಿರುವವರೆಗೆ ಶಿಲೀಂಧ್ರಕ್ಕೆ ಒಳಗೆ ದಾರಿಯಿಲ್ಲ. ಪದರ ಗೀಚಿದರೆ ದಾರಿ ತೆರೆಯುತ್ತದೆ. ಕಬ್ಬಿನ ಗರಿಯ ಅಂಚು, ಮುಸುಕಿನ ಜೋಳದ ಎಲೆ, ಅರಿಶಿನದ ಒಣಗಿದ ಸೊಪ್ಪು, ಸೂರ್ಯಕಾಂತಿಯ ಒರಟು ದಂಟು, ಹುರುಳಿ ಅಥವಾ ರಾಗಿ ತೂರುವಾಗ ಹಾರುವ ಹೊಟ್ಟು, ದನದ ಬಾಲದ ಹೊಡೆತ, ಇವುಗಳಲ್ಲಿ ಯಾವುದೂ ಸಾಕು. ಗೀಚಿದ ವಸ್ತುವಿನ ಜೊತೆಯಲ್ಲೇ ಶಿಲೀಂಧ್ರದ ಬೀಜಾಣುಗಳು ಗಾಯವನ್ನು ಸೇರುತ್ತವೆ.

ವೈದ್ಯಶಾಸ್ತ್ರದಲ್ಲಿ ಈ ರೋಗ ಮೊದಲು ದಾಖಲಾದದ್ದೂ ಒಬ್ಬ ರೈತನಲ್ಲಿಯೇ. 1879ರಲ್ಲಿ ಜರ್ಮನಿಯ ಕಣ್ಣಿನ ತಜ್ಞ ಥಿಯೋಡರ್ ಲೇಬರ್ ಇದನ್ನು ವರ್ಣಿಸಿದರು. ಓಟ್ಸ್ ಧಾನ್ಯದ ಒಕ್ಕಣೆ ಮಾಡುವಾಗ ಆ ರೈತನ ಕಣ್ಣಿಗೆ ಹೊಟ್ಟು ಬಿದ್ದಿತ್ತು. ಕಣ ಬೇರೆ, ಧಾನ್ಯ ಬೇರೆ. ಕಾಯಿಲೆ ಮಾತ್ರ ಇದೇ.

ಗುರುತಿಸುವುದು ಹೇಗೆ?

ಬ್ಯಾಕ್ಟೀರಿಯಾಗಳಿಗಿಂತ ಶಿಲೀಂಧ್ರದ ಬೆಳವಣಿಗೆ ಸಾಮಾನ್ಯವಾಗಿ ನಿಧಾನ. ಪೆಟ್ಟು ಬಿದ್ದ ದಿನ ತುಸು ಚುಚ್ಚಿದಂತಾಗಿ ಸುಮ್ಮನಾಗಬಹುದು. ಹಲವು ದಿನಗಳ ಅನಂತರ, ಕೆಲವೊಮ್ಮೆ ವಾರ ಕಳೆದ ಮೇಲೆ, ಕಣ್ಣು ಕೆಂಪಾಗುತ್ತದೆ, ನೀರು ಸುರಿಯುತ್ತದೆ, ಬೆಳಕು ನೋಡಲಾಗುವುದಿಲ್ಲ, ನೋವು ಏರುತ್ತದೆ, ದೃಷ್ಟಿ ಮಂಜಾಗುತ್ತದೆ. ಕರಿಗುಡ್ಡೆಯ ಮೇಲೆ ಬೂದುಬಿಳುಪಿನ ಚುಕ್ಕೆ ಕಾಣಿಸುತ್ತದೆ. ಅದರ ಅಂಚು ಹಕ್ಕಿಯ ಗರಿಯಂತೆ ಹರಡಿರುವುದುಂಟು. ಅಷ್ಟು ಹೊತ್ತಿಗೆ ಪೆಟ್ಟು ಬಿದ್ದ ಸಂಗತಿಯೇ ಮರೆತುಹೋಗಿರುತ್ತದೆ. ಆದುದರಿಂದ ವೈದ್ಯರನ್ನು ಕಂಡಾಗ ಕಣ್ಣಿಗೆ ಏನು ಬಿತ್ತು, ಎಂದು ಬಿತ್ತು, ಈವರೆಗೆ ಯಾವ ಔಷಧಿ ಹಾಕಿದಿರಿ ಎಂಬುದನ್ನು ತಪ್ಪದೆ ಹೇಳಿರಿ.

ಕಣ್ಣಿಂದ ನೋಡಿದ ಮಾತ್ರಕ್ಕೆ ಇದು ಶಿಲೀಂಧ್ರವೋ ಬ್ಯಾಕ್ಟೀರಿಯಾವೋ ಎಂದು ನಿಶ್ಚಯಿಸುವುದು ತಜ್ಞರಿಗೂ ಕಷ್ಟ. ಬೆಳೆಗೆ ರೋಗ ಬಂದಾಗ ರೋಗ ಹತ್ತಿದ ಎಲೆಯನ್ನೋ ಬೇರನ್ನೋ ಪ್ರಯೋಗಾಲಯಕ್ಕೆ ತರುವಿರಲ್ಲವೆ? ಇಲ್ಲಿಯೂ ಹಾಗೆಯೇ. ಕಣ್ಣು ಮರಗಟ್ಟುವ ಹನಿ ಹಾಕಿ, ಹುಣ್ಣಿನ ಅಂಚಿನಿಂದ ಸ್ವಲ್ಪ ಭಾಗವನ್ನು ಕೆರೆದು ತೆಗೆಯುತ್ತಾರೆ. ಅದಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಸೇರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆಗಳು ಕಾಣುತ್ತವೆ. ಇದಕ್ಕೆ ಹಿಡಿಯುವ ಕಾಲ ಅತ್ಯಲ್ಪ. ಉಳಿದ ಭಾಗವನ್ನು ಆಹಾರ ಮಾಧ್ಯಮದಲ್ಲಿ ಬೆಳೆಸಿ ಕುಲವನ್ನು ಗುರುತಿಸಲು ಕೆಲವು ದಿನಗಳು ಬೇಕು. ಕೆರೆದು ತೆಗೆಯುವುದಕ್ಕೆ ಹೆದರಬೇಡಿ. ಸರಿಯಾದ ಔಷಧಿ ಸಿಗುವುದು ಈ ಪರೀಕ್ಷೆಯಿಂದಲೇ.

ಚಿಕಿತ್ಸೆ

ಮೊದಲ ಔಷಧಿ ಶೇಕಡ 5ರ ನಾಟಮೈಸಿನ್ ಹನಿ. ಇದು ಬಂದದ್ದು ಮಣ್ಣಿನಿಂದಲೇ ಎಂಬುದು ಸ್ವಾರಸ್ಯದ ಸಂಗತಿ. 1955ರಲ್ಲಿ ದಕ್ಷಿಣ ಆಫ್ರಿಕದ ನಟಾಲ್ ಪ್ರಾಂತದ ಮಣ್ಣಿನಲ್ಲಿ ದೊರೆತ ಸ್ಟ್ರೆಪ್ಟೋಮೈಸಿಸ್ ಎಂಬ ಸೂಕ್ಷ್ಮಜೀವಿ ಇದನ್ನು ತಯಾರಿಸುತ್ತದೆ. ವೊರಿಕೊನಜೋಲ್ ಎಂಬ ಹೊಸ ಔಷಧಿ ಇದಕ್ಕಿಂತ ಮೇಲೇ ಎಂದು ತಿಳಿಯಲು ತಮಿಳುನಾಡಿನ ಅರವಿಂದ್ ಕಣ್ಣಿನ ಆಸ್ಪತ್ರೆಗಳಲ್ಲಿ 323 ರೋಗಿಗಳ ಮೇಲೆ ಪ್ರಯೋಗ ನಡೆಯಿತು. 2013ರಲ್ಲಿ ಫಲಿತಾಂಶ ಹೊರಬಂದಾಗ ಹಳೆಯ ನಾಟಮೈಸಿನ್ನೇ ಉತ್ತಮವೆಂದು ಕಂಡಿತು. ಫ್ಯುಸೇರಿಯಂ ಹುಣ್ಣಿನಲ್ಲಂತೂ ವ್ಯತ್ಯಾಸ ಎದ್ದು ಕಾಣುವಂತಿತ್ತು.

ಆದರೆ ಈ ಹನಿ ಕಾರ್ನಿಯಾದ ಆಳಕ್ಕೆ ಚೆನ್ನಾಗಿ ಇಳಿಯದು. ಹುಣ್ಣು ಮೇಲ್ಪದರದಲ್ಲಿರುವಾಗಲೇ ಬಂದವರಿಗೆ ಗುಣ ಹೆಚ್ಚು. ತಡಮಾಡಿ ಬಂದವರಿಗೆ ಕಡಿಮೆ. ಮೊದಮೊದಲು ಗಂಟೆಗೊಮ್ಮೆ ಹನಿ ಹಾಕಬೇಕಾಗುತ್ತದೆ, ಚಿಕಿತ್ಸೆ ಹಲವು ವಾರ ನಡೆಯುತ್ತದೆ. ನೋವು ಕಡಿಮೆಯಾಯಿತೆಂದು ನಡುವೆ ನಿಲ್ಲಿಸಬಾರದು. ಹುಣ್ಣು ಮಾಯ್ದ ಮೇಲೂ ಕಣ್ಣಲ್ಲಿ ಹೂವು ಉಳಿಯಬಹುದು. ಹುಣ್ಣು ತೂತಾಗುವ ಹಂತಕ್ಕೆ ಹೋದರೆ ದಾನಿಯ ಕಾರ್ನಿಯಾವನ್ನು ಜೋಡಿಸುವುದೊಂದೇ ದಾರಿಯಾಗಬಹುದು. 2006ರಲ್ಲಿ ಗಾಜನೂರಿನ ಡಾ. ರಾಜ್‌ಕುಮಾರ್, 2021ರಲ್ಲಿ ಅವರ ಮಗ ಪುನೀತ್ ನಿಧನರಾದಾಗ ಅವರ ಕಣ್ಣುಗಳನ್ನು ದಾನ ಮಾಡಿದ್ದನ್ನು ನೀವು ಕೇಳಿರುವಿರಿ. ಅಂತಹ ದಾನವಿಲ್ಲದೆ ಈ ಶಸ್ತ್ರಚಿಕಿತ್ಸೆಯಿಲ್ಲ.

ಮಾಡಬಾರದ್ದು

1. ಹರಳೆಣ್ಣೆ, ಎದೆಹಾಲು, ಈರುಳ್ಳಿ ರಸ, ಸೊಪ್ಪಿನ ರಸಗಳನ್ನು ಕಣ್ಣಿಗೆ ಬಿಡಬೇಡಿ. ಅರಿಶಿನ ನಮ್ಮ ಸೀಮೆಯ ಬಂಗಾರವೇ ಆದರೂ ಕಣ್ಣಿನ ಗಾಯಕ್ಕೆ ಅದು ಔಷಧಿಯಲ್ಲ.

2. ನಾಲಿಗೆಯಿಂದಾಗಲಿ, ಸೀರೆಯ ಸೆರಗಿನಿಂದಾಗಲಿ ಕಸ ತೆಗೆಸಬೇಡಿ, ಕಣ್ಣು ಉಜ್ಜಬೇಡಿ.

3. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಹನಿ ಹಾಕಬೇಡಿ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಮೊದಲು ಕೆಂಪು ಇಳಿದು ಹಿತವೆನಿಸುತ್ತದೆ, ಒಳಗೆ ಶಿಲೀಂಧ್ರ ತಡೆಯಿಲ್ಲದೆ ಬೆಳೆಯುತ್ತದೆ.

ಮಾಡಬೇಕಾದ್ದು

1. ಕಬ್ಬು ಕಟಾವು, ಅರಿಶಿನದ ಕೊಯ್ಲು, ಒಕ್ಕಣೆಗಳಲ್ಲಿ ಕಣ್ಣಿನ ಎರಡು ಪಕ್ಕವೂ ಮುಚ್ಚುವ ರಕ್ಷಣಾ ಕನ್ನಡಕ ಧರಿಸಿರಿ. ಕೂಲಿಯಾಳುಗಳಿಗೂ ಕೊಡಿ. ತೂರುವಾಗ ಗಾಳಿಗೆ ಬೆನ್ನು ಕೊಟ್ಟು ನಿಲ್ಲಿರಿ.

2. ಪೆಟ್ಟು ಬಿದ್ದೊಡನೆ ಶುದ್ಧ ನೀರಿನಿಂದ ತೊಳೆದು ಅದೇ ದಿನ ವೈದ್ಯರಲ್ಲಿಗೆ ಹೋಗಿರಿ. ನೇಪಾಳದ ಭಕ್ತಪುರದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಣ್ಣು ಗೀಚಿದ 18 ಗಂಟೆಗಳೊಳಗೆ ಪ್ರತಿಜೈವಿಕ ಮುಲಾಮು ಆರಂಭಿಸಿದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ.

3. ಹುಣ್ಣಿನ ಲಕ್ಷಣ ಕಂಡರೆ ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಾಗಲಿ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಾಗಲಿ ಕಣ್ಣಿನ ತಜ್ಞರನ್ನು ಕಾಣಿರಿ. ಗುಂಡ್ಲುಪೇಟೆಯಿಂದ ಮೈಸೂರು ಸುಮಾರು 60 ಕಿ.ಮೀ. ಸಂತೆ ಮುಗಿಯಲಿ, ಕೊಯ್ಲು ಮುಗಿಯಲಿ ಎಂದು ಕಾಯಬೇಡಿ.

ಚರ್ಮದ ಹುಳುಕಡ್ಡಿ, ಕಾಲಿನ ಗಂಟು

ಚರ್ಮದ ಹುಳುಕಡ್ಡಿಯೂ ಶಿಲೀಂಧ್ರದ ರೋಗವೇ. ಹುಳುವಿಗೂ ಅದಕ್ಕೂ ಸಂಬಂಧವಿಲ್ಲ. ಪರೀಕ್ಷೆಯ ಕ್ರಮವೂ ಅದೇ, ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಸ್ಟಿರಾಯ್ಡ್ ಬೆರೆತ ಮುಲಾಮುಗಳಿಂದ ತುರಿಕೆ ನಿಂತರೂ ರೋಗ ಹರಡುತ್ತದೆ. ಟರ್ಬಿನಾಫಿನ್ ಎಂಬ ಮುಖ್ಯ ಔಷಧಿಗೆ ಹಲವೊಮ್ಮೆ ಬಗ್ಗದ ಪ್ರಭೇದವೊಂದು ಈಗ ನಮ್ಮ ದೇಶದಲ್ಲಿ ಹರಡಿದೆ. 2020ರಲ್ಲಿ ಅದಕ್ಕೆ ಭಾರತದ ಹೆಸರನ್ನೇ ಸೇರಿಸಿ ಟ್ರೈಕೊಫೈಟಾನ್ ಇಂಡೊಟಿನಿಯೆ ಎಂದು ಕರೆದರು. ವೈದ್ಯರು ಹೇಳಿದಷ್ಟು ವಾರ ಔಷಧಿ ಮುಂದುವರಿಸಿ. ಬಟ್ಟೆಯನ್ನು ಬೇರೆಯಾಗಿ ಒಗೆದು ಬಿಸಿಲಿಗೆ ಒಣಗಿಸಿ. ಮನೆಯಲ್ಲಿ ರೋಗವಿರುವ ಎಲ್ಲರಿಗೂ ಒಟ್ಟಿಗೆ ಚಿಕಿತ್ಸೆ ಮಾಡಿಸಿ.

ಬರಿಗಾಲಿಗೆ ಮುಳ್ಳು ಚುಚ್ಚಿದ ಜಾಗ ತಿಂಗಳುಗಟ್ಟಲೆ ಊದಿ, ಗಂಟಾಗಿ, ತೂತುಗಳಿಂದ ಕಾಳಿನಂತಹ ಕಣಗಳು ಹೊರಬಂದರೆ ಅದನ್ನು ಉದಾಸೀನ ಮಾಡಬಾರದು. 1842ರಲ್ಲಿ ಮಧುರೆಯಲ್ಲಿ ವರದಿಯಾದ್ದರಿಂದ ಇದಕ್ಕೆ ಮಧುರಾ ಪಾದವೆಂದೇ ಹೆಸರು. ಕೆಲವರಲ್ಲಿ ಇದು ಶಿಲೀಂಧ್ರದಿಂದ, ಕೆಲವರಲ್ಲಿ ಬ್ಯಾಕ್ಟೀರಿಯಾದಿಂದ ಬರುತ್ತದೆ. ಎರಡಕ್ಕೂ ಔಷಧಿ ಬೇರೆ ಬೇರೆಯಾದ್ದರಿಂದ ಪರೀಕ್ಷೆ ಅನಿವಾರ್ಯ. ಹೊಲದಲ್ಲಿ ಪಾದರಕ್ಷೆ ಧರಿಸುವುದೇ ತಡೆ.

ಕೊನೆಯದಾಗಿ ಒಂದು ಎಚ್ಚರಿಕೆ. ಬೆಳೆಗೆ ಸಿಂಪಡಿಸುವ ಶಿಲೀಂಧ್ರನಾಶಕವನ್ನು ಮೈಗೆ ಹಚ್ಚುವುದು ಅಪಾಯ. ಬೆಳೆಗೆ ಬಳಸುವ ಪ್ರೊಪಿಕೊನಜೋಲ್, ಟೆಬುಕೊನಜೋಲ್‌ಗಳೂ ಮನುಷ್ಯರಿಗೆ ಕೊಡುವ ಇಟ್ರಾಕೊನಜೋಲ್, ವೊರಿಕೊನಜೋಲ್‌ಗಳೂ ಒಂದೇ ಗುಂಪಿನವು. ಹೊಲದಲ್ಲಿ ಇವುಗಳನ್ನು ಅತಿಯಾಗಿ ಬಳಸಿದರೆ ಔಷಧಿಗೆ ಬಗ್ಗದ ಆಸ್ಪರ್ಜಿಲಸ್ ಮಣ್ಣಿನಲ್ಲಿ ಹೆಚ್ಚಬಹುದು. ಶಿಫಾರಸು ಮಾಡಿದ ಪ್ರಮಾಣವನ್ನು ಮೀರಬೇಡಿ. ಸೊರಗಿದ ಬಾಳೆಯ ಬದಲಿಗೆ ಮರುವರ್ಷ ಬೇರೆ ಕಂದು ನೆಡಬಹುದು. ಕಳೆದ ಕಣ್ಣಿಗೆ ಅಂತಹ ಅವಕಾಶವಿಲ್ಲ.